ಕಾರೂ ಅಷ್ಟೇ, ಮಗಳೂ ಅಷ್ಟೇ

ಸ್ನೇಹಿತರೇ, ಇವತ್ತು ಬೆಳಿಗ್ಗೆ ನಮ್ಮ ನೆರೂಳದ ಸೊಸೈಟಿ ಗೇಟಿನ ಸ್ಪೀಡ್ ಬ್ರೇಕರ್ ಮೇಲೆ ಅಪ್ಪನ ಕಾರು ಕಿರುಗುಟ್ಟಲಿಲ್ಲ. ಚಕ್ರದ ಬಳಿಯ ರಬ್ಬರ್ ಬುಶ್‌ಗಳು ಸವೆದಿದ್ದರೂ, "ಕಾರು ಅಂದ್ಮೇಲೆ ಸದ್ದು ಮಾಡುತ್ತಮ್ಮಾ" ಎನ್ನುತ್ತಿದ್ದ ಅಪ್ಪ ನಿನ್ನೆ ಎಲ್ಲವನ್ನೂ ಬದಲಾಯಿಸಿಬಿಟ್ಟಿದ್ದರು. ಇವತ್ತು ಘೋಡಬಂದರ್ ರಸ್ತೆಯಿಂದ ನನ್ನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು.

ಅವರನ್ನು ಅದೇ ಕಾರಿನಲ್ಲಿ ದೇವಸ್ಥಾನಕ್ಕೆ ಕರೆದೊಯ್ಯುವಾಗ ಹುಡುಗನ ತಾಯಿ ನನ್ನತ್ತ ತಿರುಗಿ, "ಹುಡುಗಿ ಮಾತೇ ಆಡಲ್ವಲ್ಲಾ?" ಎಂದರು.

"ನಮ್ಮಲ್ಲಿ ಸದ್ದೇ ಇಲ್ಲ ನೋಡಿ. ಕಾರೂ ಅಷ್ಟೇ, ಮಗಳೂ ಅಷ್ಟೇ," ಎಂದು ಅಪ್ಪ ಬೀಗಿದರು.

"ನಮಗೆ ಅಂಥವಳೇ ಬೇಕಿತ್ತು!" ಎಂದರು ಆ ತಾಯಿ.

ಮುಂದೆ ಕೂತಿದ್ದ ಹುಡುಗನೂ ಮೆಚ್ಚಿದ, ಆದರೆ ಕಾರನ್ನು: "ಸಸ್ಪೆನ್ಷನ್ ಬಢಿಯಾ ಹೈ, ಅಂಕಲ್."

ಸಂಜೆ ಅವರ ಒಪ್ಪಿಗೆಯ ಫೋನ್ ಬಂತು. ಅಪ್ಪ ಹೊಸ ಬುಶ್ ಹಾಕಿಸಿದ್ದು ಕಾರಿಗೆ ಮಾತ್ರ. ಊಟಕ್ಕೆ ಕೂತಾಗ ನಾನು ಕಿರುಗುಟ್ಟಲಿದ್ದೇನೆ.