ಟ್ಯಾಂಕಿನ ಮುಚ್ಚಳದ ವಿಭೂತಿ

ಮೊನ್ನೆ ವಿದ್ಯಾನಗರದ ಆಸ್ಪತ್ರೆಯಲ್ಲಿ ನರ್ಸ್ ಹುಡುಗಿ ನಮ್ಮ ಮನೆಯವರ ಮಂಚದ ಪಕ್ಕ ಸಲೈನ್ ಬಾಟಲಿ ತೂಗುಹಾಕಿದಳು. ಹನಿ ಬೀಳಲಿಲ್ಲ. ಬಾಟಲಿ ತುಂಬ ನೀರಿದೆ, ನಳಿಕೆ ನೆಟ್ಟಗಿದೆ, ಕೈಗೆ ಸೂಜಿ ಸರಿಯಾಗಿ ಕೂತಿದೆ, ಆದರೂ ನೀರು ಇಳಿಯದು. ಆಕೆ ಇನ್ನೊಂದು ಖಾಲಿ ಸೂಜಿ ತೆಗೆದು ಬಾಟಲಿಯ ನೆತ್ತಿಗೆ ಚುಚ್ಚಿದಳು. ಹನಿ ಶುರುವಾಯಿತು. ಅದು ಯಾತಕ್ಕೆ ಎಂದು ಕೇಳಿದೆ.

"ಒಳಗ ಗಾಳಿ ಹೋಗಬೇಕ್ರಿ ಅಜ್ಜಿ. ಗಾಳಿ ಹೋಗಲಿಲ್ಲಂದ್ರ ನೀರು ಇಳಿಯಾಂಗಿಲ್ಲ."

ಜ್ವರ ಬಂದು ಏನೂ ತಿನ್ನದೆ ಮುದುಕರು ಒಣಗಿಹೋಗಿದ್ದರು. ಈ ನೀರು ಮೈಗೆ ಹತ್ತಿದರೆ ಎದ್ದು ಕೂರುತ್ತಾರೆ, ಹತ್ತದಿದ್ದರೆ ನೋಡೋಣ ಎಂದು ಡಾಕ್ಟರು ಹೇಳಿದ್ದರು. ಡಾಕ್ಟರ ಬಾಯಿಂದ ಬರುವ 'ನೋಡೋಣ' ಒಳ್ಳೆಯ ಮಾತಲ್ಲ. ಆದರೆ ನಾನು ಆಗ ನೋಡುತ್ತಿದ್ದದ್ದು ಆ ಸೂಜಿಯನ್ನು. ಆಕೆ ಹೇಳಿದಮೇಲೆ ಹೊಳೆಯಿತು, ಅದರ ಕೆಲಸ ನನಗೆ ಮೊದಲೇ ಗೊತ್ತಿತ್ತು. ಕಲಿತದ್ದು ರಾಯಾಪುರದ ರಸ್ತೆಯಲ್ಲಿ, ಒಂದು ಲಾರಿಯಿಂದ.

ನಾನು ಸಾಲಿ ಕಲಿತವಳಲ್ಲ. ಬಸ್ಸಿನ ಬೋರ್ಡನ್ನು ಕೂಡಿಸಿ ಓದುವಷ್ಟರಲ್ಲಿ ಬಸ್ಸು ಹೋಗಿರುತ್ತದೆ. ಎಂಜಿನ್ನಿನ ಮಾತನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ, ನೀವು ಹೊಂದಿಸಿಕೊಳ್ಳಿ.

ನಮ್ಮ ಮನೆಯವರು ಕೊಂಡಾಗಲೇ ಆ ಲಾರಿ ಮುದುಕಿ. ಸುಗ್ಗಿಯಲ್ಲಿ ಹಳ್ಳಿಗಳಿಂದ ಹತ್ತಿ ಹೇರಿಕೊಂಡು ಅಮರಗೋಳದ ಮಾರ್ಕೆಟ್ಟಿಗೆ ಮುಟ್ಟಿಸುವುದು ಅದರ ಕೆಲಸ. ಅವರಿಗೆ ಅದರ ಮೇಲೆ ಎಷ್ಟು ಜೀವವೆಂದರೆ, ಮದುವೆಯಲ್ಲಿ ನನ್ನ ಮುಖವನ್ನಾದರೂ ಅಷ್ಟು ಹೊತ್ತು ನೋಡಿದ್ದಿಲ್ಲ. ಒಂದು ವರ್ಷ ಅದಕ್ಕೆ ಹೊಸ ರೋಗ ಹತ್ತಿತು. ಬೆಳಿಗ್ಗೆ ಚಾಲೂ ಆಗುತ್ತದೆ, ಎರಡು ಊರು ದಾಟುತ್ತದೆ, ಆಮೇಲೆ ಕೆಮ್ಮಿ ಕೆಮ್ಮಿ ಬಂದ್ ಬೀಳುತ್ತದೆ. ಎಷ್ಟು ಸೆಲ್ಫ್ ಹೊಡೆದರೂ ಏಳುವುದಿಲ್ಲ. ಬೇವಿನ ನೆರಳಲ್ಲಿ ಒಂದು ನಿದ್ದೆ ತೆಗೆದು ಬಂದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಚಾಲೂ.

ಬ್ಯಾಟರಿಯ ತುದಿ ಕೆರೆದರು. ಡೀಸೆಲ್ ಸೋಸುವ ಫಿಲ್ಟರ್ ಹೊಸದು ಹಾಕಿದರು. ಪಂಪು ಬಿಚ್ಚಿ ಮಿಸ್ತ್ರಿಗೆ ಒಯ್ದರು, ಅವನು ಪಂಪು ನನಗಿಂತ ಗಟ್ಟಿ ಇದೆ ಎಂದು ಮರಳಿ ಕೊಟ್ಟ. ನಳಿಕೆಯಲ್ಲಿ ಗಾಳಿ ಸೇರಿದೆ ಎಂದು ದಿನಾ ಗಾಳಿ ತೆಗೆಯುವುದಂತೂ ಇದ್ದೇ ಇತ್ತು. ಒಂದು ಸ್ಕ್ರೂ ಸಡಿಲಿಸಿ ಕೈಪಂಪು ಒತ್ತಿದರೆ ಮೊದಲು ನೊರೆ ಬರುತ್ತದೆ, ನೊರೆ ಮುಗಿದು ಬರೀ ಡೀಸೆಲ್ ಬಂದಮೇಲೆ ಬಿಗಿಯಬೇಕು. ಮಜ್ಜಿಗೆ ಕಡೆದವಳಿಗೆ ನೊರೆಯ ಹದ ಹೊಸದೇನಲ್ಲ. ಕ್ಲೀನರ್ ಬೇಸತ್ತು ಬೇರೆ ಗಾಡಿ ಹತ್ತಿದಮೇಲೆ ಆ ಪಂಪು ಒತ್ತುವ ಕೈ ನನ್ನದಾಯಿತು.

ನಮ್ಮ ಅತ್ತೆಯ ರಿಪೇರಿ ಬೇರೆ. ಅದಕ್ಕೆ ದೃಷ್ಟಿ ತಾಗಿದೆ ಎಂಬುದು ಅವರ ಮಾತು. ಮೊದಲು ಅಮಾವಾಸ್ಯೆಗೊಮ್ಮೆ ಲಾರಿಯ ಪೂಜೆ ಮಾಡುತ್ತಿದ್ದವರು ಆಮೇಲೆ ಸೋಮವಾರಕ್ಕೊಮ್ಮೆ, ಕೊನೆಗೆ ದಿನಾ ಮಾಡತೊಡಗಿದರು. ಅತ್ತೆ ಗಿಡ್ಡ. ಗಾಜಿಗೆ ಕೈ ನಿಲುಕುತ್ತಿರಲಿಲ್ಲ. ಡೀಸೆಲ್ ಟ್ಯಾಂಕು ಅವರ ಎದೆಮಟ್ಟಕ್ಕೆ ಇತ್ತು. ಉಣ್ಣುವ ಬಾಯಿಗೇ ಮೊದಲ ಪೂಜೆ ಎಂದು ಟ್ಯಾಂಕಿನ ಮುಚ್ಚಳಕ್ಕೆ ಕಲಸಿದ ವಿಭೂತಿ, ಅದರ ನಡುವೆ ಎಣ್ಣೆಯಲ್ಲಿ ನಾದಿದ ಕುಂಕುಮ ಮೆತ್ತುತ್ತಿದ್ದರು. ನಿನ್ನೆಯದನ್ನು ಒರೆಸುವಂತಿಲ್ಲ, ಅದರ ಮೇಲೇ ಇಂದಿನದು. ಪೂಜೆ ಹೆಚ್ಚಾದಷ್ಟೂ ಲಾರಿ ಹೆಚ್ಚು ನಿಲ್ಲುತ್ತಿತ್ತು. ಲಾರಿ ನಿಂತಷ್ಟೂ ಪೂಜೆ ಹೆಚ್ಚಾಗುತ್ತಿತ್ತು.

ಹತ್ತಿ ದಲಾಲಿ ಒಂದು ದಿನ ಕಡ್ಡಿ ಮುರಿದಂತೆ ಹೇಳಿದ. ನಾಳಿನ ಹತ್ತಿ ಮಾರ್ಕೆಟ್ಟಿನ ಹರಾಜಿಗೆ, ಸವಾಲು ಕೂಗುವ ಹೊತ್ತಿಗೆ, ಮುಟ್ಟದಿದ್ದರೆ ಇನ್ನು ಈ ಗಾಡಿಗೆ ಹೇರು ಇಲ್ಲ. ಹೇರಿಲ್ಲದ ಲಾರಿಯನ್ನು ಗುಜರಿಯವನು ತೂಕಕ್ಕೆ ಒಯ್ಯುತ್ತಾನೆ. ನಮ್ಮ ಮನೆಯವರು ಆ ರಾತ್ರಿ ರೊಟ್ಟಿ ಮುರಿದು ಹಾಗೇ ಬಿಟ್ಟರು.

ಮರುದಿನ ಧಾರವಾಡ ದಾಟಿದೆವು. ರಾಯಾಪುರಕ್ಕೆ ಬಂದೆವು. ಕೆಮ್ಮಿತು, ನಿಂತಿತು. ಮಾರ್ಕೆಟ್ಟು ಇನ್ನೇನು ದೂರವಿಲ್ಲ, ಸವಾಲೂ ದೂರವಿಲ್ಲ. ನಾನು ಗಾಲಿಗೆ ಕಲ್ಲು ಕೊಟ್ಟೆ. ಅವರು ಎಂಜಿನ್ನಿಗೆ ತಲೆಯಿಟ್ಟು, ಟ್ಯಾಂಕಿನಲ್ಲಿ ಕೋಲು ಬಿಟ್ಟು ಡೀಸೆಲ್ ಎಷ್ಟಿದೆ ನೋಡು ಎಂದರು. ಮುಚ್ಚಳ ಹಟ ಹಿಡಿದಿತ್ತು. ಸೆರಗು ಸುತ್ತಿ ತಿರುವಿದೆ. ಸಡಿಲಾದದ್ದೇ ತಡ, ಸುಯ್ ಎಂದು ಉದ್ದಕ್ಕೆ ಸದ್ದು ಬಂತು, ನನ್ನ ಸೆರಗಿನ ತುದಿ ಒಳಕ್ಕೆ ಹೋಯಿತು.

"ಇದು ಉಸುರು ಎಳಕೊಂತ್ರಿ," ಎಂದೆ.

"ಟ್ಯಾಂಕಿ ಎಲ್ಲ್ಯರ ಉಸುರು ಎಳಕೊಂತೈತೇನು? ಬಿಸಲು ಹತ್ತೇತಿ ನಿನಗ."

"ನನ್ನ ಸೆರಗು ಜಗ್ಗೇತ್ರಿ. ಬಿಸಲು ಸೆರಗು ಜಗ್ಗತೈತೇನು?"

ಅವರು ಬಂದರು. ಮುಚ್ಚಳವನ್ನು ಕೈಯಲ್ಲಿ ಹಿಡಿದು ಒಳಗೆ ನೋಡಿದರು, ಹೊರಗೆ ನೋಡಿದರು. ಒಳಮೈಯಲ್ಲಿ ಒಂದು ತೂತು. ಹೊರಮೈಯಲ್ಲಿ ತೂತಿಲ್ಲ, ಗಾರೆಯಂತೆ ಗಟ್ಟಿಯಾದ ವಿಭೂತಿ ಕುಂಕುಮ. ಆಮೇಲೆ ಚಪ್ಪಲಿ ಬಿಟ್ಟು, ಕಾದ ಡಾಂಬರಿನ ಮೇಲೆ ಬರಿಗಾಲಲ್ಲಿ ನಿಂತು, ನನ್ನ ಬಳೆಯಲ್ಲಿದ್ದ ಪಿನ್ನು ಬೇಡಿದರು. ಕೆರೆದ ವಿಭೂತಿಯನ್ನು ರಸ್ತೆಗೆ ಚೆಲ್ಲಲಿಲ್ಲ. ಅಂಗೈಯಲ್ಲಿ ಹಿಡಿದು ತಮ್ಮ ಹಣೆಗೆ ಬಳಿದುಕೊಂಡರು. ಡೀಸೆಲ್ ವಾಸನೆಯ ಕಪ್ಪು ವಿಭೂತಿ. ತೂತಿಗೆ ಚುಚ್ಚಿದ ಪಿನ್ನು ಆಚೆ ಹೊರಟಿತು.

ನಾನು ಕೈಪಂಪು ಒತ್ತಿದೆ. ನೊರೆ ಹೋಯಿತು. ಸೆಲ್ಫ್ ಹೊಡೆದರು. ಎದ್ದ ಲಾರಿ ಮಾರ್ಕೆಟ್ಟಿನ ಬಾಗಿಲವರೆಗೆ ಒಮ್ಮೆಯೂ ಕೆಮ್ಮಲಿಲ್ಲ. ಸವಾಲು ಕೂಗುವವನು ಆಗಷ್ಟೇ ಚಹಾ ಕುಡಿದು ಬಾಯಿ ಒರೆಸುತ್ತಿದ್ದ.

ದಾರಿಯುದ್ದಕ್ಕೂ ನನ್ನ ಮೈಮೇಲೆ ಮುಳ್ಳು. ಗುಡ್ಡದಷ್ಟು ಹತ್ತಿ ಹೊರುವ ಲಾರಿಯನ್ನು ನಿಲ್ಲಿಸಿದ್ದು ಸಾಸಿವೆಯೂ ತೂರದ ತೂತು. ನಳಿಕೆಯಲ್ಲಿ ಗಾಳಿ ಹೊಕ್ಕರೆ ಅದು ಸಾಯುತ್ತದೆ, ಟ್ಯಾಂಕಿಗೆ ಗಾಳಿ ಹೋಗದಿದ್ದರೂ ಸಾಯುತ್ತದೆ. ನಾವು ಬೇವಿನ ನೆರಳಲ್ಲಿ ನಿದ್ದೆ ತೆಗೆಯುವಷ್ಟರಲ್ಲಿ ಮುಚ್ಚಳದ ಸಂದಿಯಿಂದ ಅಷ್ಟಿಷ್ಟು ಗಾಳಿ ಒಳಗೆ ಸೋರುತ್ತಿತ್ತೇನೋ, ಅದಕ್ಕೇ ಮತ್ತೆ ಏಳುತ್ತಿತ್ತು. ದಿನಾ ನಾನು ಹೊರಗೆ ಹಾಕುತ್ತಿದ್ದ ಗಾಳಿಗಾಗಿಯೇ ಅದು ಬಾಯಿ ಬಿಡುತ್ತಿತ್ತು. ಗುಡಿಗೆ ಹೋದಾಗ ನನಗೆ ಇಂಥದ್ದೇನೂ ಆಗುವುದಿಲ್ಲ, ಪ್ರಸಾದ ತಿಂದು ಬರುತ್ತೇನೆ.

ಅತ್ತೆಗೆ ನಮ್ಮ ಮನೆಯವರೇ ಮೆಲ್ಲಗೆ ಹೇಳಿದರು, ಇನ್ನು ಮುಂದೆ ಬಂಪರಿಗೆ ಹಚ್ಚು ಎಂದು. ಅತ್ತೆ ಅಳುಕುವವರಲ್ಲ.

"ಅದಕ್ಕ ಮೂಗ ಐತಂತ ನನಗ್ಯಾರು ಹೇಳಿದ್ರು?"

ಹಚ್ಚುವುದನ್ನು ಬಿಡಲೂ ಇಲ್ಲ. ಆದರೆ ಅಂದಿನಿಂದ ತೂತಿನ ಸುತ್ತ ಮಾತ್ರ ಹಚ್ಚಿ, ಮುಚ್ಚಳಕ್ಕೆ ಕಿವಿಯಿಟ್ಟು ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು. ಏನು ಕೇಳಿಸುತ್ತಿತ್ತೋ, ನಾನು ಕೇಳಲಿಲ್ಲ. ಈಗ ಅತ್ತೆಯೂ ಇಲ್ಲ, ಲಾರಿಯೂ ಇಲ್ಲ.

ನವನಗರದಲ್ಲಿ ನಮ್ಮ ಪಕ್ಕದ ಮನೆಯವಳು ಆಸ್ಪತ್ರೆಗೆಂದು ಕೊಟ್ಟ ವಿಭೂತಿ ಪೊಟ್ಟಣ ನನ್ನ ಚೀಲದಲ್ಲಿ ಹಾಗೇ ಬಿದ್ದಿತ್ತು. ನಾನು ಅದನ್ನೆಲ್ಲ ಹಚ್ಚುವವಳಲ್ಲ. ಸಂಜೆ ನರ್ಸ್ ಹುಡುಗಿ ಅತ್ತ ಹೋದಮೇಲೆ ಚಪ್ಪಲಿ ಬಿಟ್ಟು ಎದ್ದು ನಿಂತೆ. ಬಾಟಲಿಯ ಹೊಟ್ಟೆಗೆ ಮೂರು ಗೆರೆ ಎಳೆದೆ. ಮುದುಕರು ಕಣ್ಣು ಬಿಟ್ಟು ಅದನ್ನು ನೋಡಿದರು. ಎರಡು ದಿನದಿಂದ ಮಾತಾಡಿರಲಿಲ್ಲ.

"ತೂತ ಬಿಟ್ಟೀಯಿಲ್ಲ?" ಎಂದರು.

"ಬಿಟ್ಟೇನ್ರಿ," ಎಂದೆ. ಬೆರಳಿಗೆ ಉಳಿದದ್ದನ್ನು ಅವರ ಹಣೆಗೆ ಒರೆಸಿ, ಬಾಟಲಿಗೆ ಕಿವಿಯಿಟ್ಟು ನಿಂತೆ.