ಚಕ್ಕೋತದ ಪಾನಕ ಮಾಡಿದ್ದು ಯಾರು?

ಕೇಳ್ರೇ ಗೆಳತಿಯರೇ, ದೇವನಹಳ್ಳಿಯ ಹೋಟೆಲಿನಲ್ಲಿ ಬರೀ ಹಿಟ್ಟು ರುಬ್ಬುತ್ತಿದ್ದ ನಾನು ಇವತ್ತು ಗೆದ್ದುಬಿಟ್ಟೆ! ಅಡುಗೆ ಭಟ್ಟರು ಹೇಳದೆ ಕೇಳದೆ ಊರಿಗೆ ಹೋಗಿದ್ದರಿಂದ ಅವರೆಕಾಳಿನ ಹುಳಿ, ಚಕ್ಕೋತದ ಪಾನಕ ಎರಡನ್ನೂ ನಾನೇ ಮಾಡಿದೆ. ಯುದ್ಧದಿಂದ ಪೆಟ್ರೋಲ್ ಸಿಗದೆ ಇದ್ದಿಲಿನಿಂದ ಓಡುವ ಬಸ್ಸಿನಿಂದ ಇಳಿದು ಬಂದ ಕುಂದಾಣದ ಗೌಡರೊಬ್ಬರು ಮೂರನೇ ಲೋಟ ಪಾನಕ ಮುಗಿಸಿ, "ಯಾರಪ್ಪಾ ಮಾಡಿದ್ದು?" ಎಂದರು.

ಮಾಲೀಕರು, "ಹೊಸ ಭಟ್ರು ಬಂದವ್ರೆ" ಎಂದುಬಿಟ್ಟರು.

ನನಗೆ ತಡೆಯಲಾಗಲಿಲ್ಲ. ಸೌಟು ಹಿಡಿದೇ ಹೊರಗೆ ಬಂದೆ. "ಭಟ್ರಲ್ಲ ಸ್ವಾಮಿ, ನಾನು ಮಾಡಿದ್ದು!"

ಗೌಡರು ನಕ್ಕು, "ಹಂಗಾದ್ರೆ ನಾಳೆನೂ ನೀನೇ ಮಾಡವ್ವ, ಮನೆಯೋರ್ನೂ ಕರ್ಕೊಂಡು ಬರ್ತೀನಿ" ಎಂದರು.

ಆಮೇಲೆ ಮಾಲೀಕರು ಅಡುಗೆಮನೆಗೆ ಬಂದು, "ಇನ್ಮೇಲೆ ಅಡುಗೆ ನಿಂದೇ. ಆದ್ರೆ ಹಿಟ್ಟು ರುಬ್ಬೋರು ಯಾರಮ್ಮ?" ಎಂದರು.

"ಭಟ್ರು ಊರಿಂದ ಬರ್ತಾರಲ್ಲ, ಅವ್ರಿಗೇ ಕೊಡಿ" ಎಂದೆ.