ಅಭ್ಯಂಗದ ಪಾಠ

ಮಕ್ಕಳು ಅವರಿಗಿಟ್ಟ ಹೆಸರು ಏಳು ಟೀಚರ್. ಇಪ್ಪತ್ತಾರು ವರ್ಷಗಳಿಂದ ಚರ್ಚಿನ ಧರ್ಮಪಾಠದ ಏಳನೇ ತರಗತಿಗೆ ಕ್ರೈಸ್ತರ ಏಳು ಸಂಸ್ಕಾರಗಳನ್ನು ಕಲಿಸುತ್ತ ಬಂದವರು. ತೂಕಡಿಸುವವರನ್ನು "ಏಳು, ಏಳು" ಎಂದು ಎಬ್ಬಿಸುವವರೂ ಅವರೇ.

ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಹಿಂದಿನ ಉದ್ದನೆಯ ಕೋಣೆಯಲ್ಲಿ ಪಾಠ. ದೈವಕರೆಯ ಅಧ್ಯಾಯ ಬಂದಾಗ ತಮ್ಮ ಕಥೆಯನ್ನೇ ಹೇಳುತ್ತಿದ್ದರು: ಹತ್ತೊಂಬತ್ತಕ್ಕೆ ಸನ್ಯಾಸಿನಿಯಾಗಲು ಕಾನ್ವೆಂಟ್ ಸೇರಿದ್ದು, ಅಮ್ಮ ತೀರಿಕೊಂಡಾಗ ಪುಟ್ಟ ತಂಗಿಯನ್ನು ನೋಡಿಕೊಳ್ಳಲು ಎರಡೇ ವರ್ಷಕ್ಕೆ ವಾಪಸು ಬಂದದ್ದು.

"ಅದೂ ಕರೆಯೇ ಕಣ್ರೋ. ದೇವರು ಎಲ್ಲರನ್ನೂ ಒಂದೇ ಬಾಗಿಲಿಂದ ಕರೆಯಲ್ಲ."

ಆ ತಂಗಿ ದೊಡ್ಡವಳಾಗಿ ಬಟ್ಟೆ ಹೊಲಿಯುವ ಕೆಲಸ ಹಿಡಿದಳು. ಇಬ್ಬರೂ ಮದುವೆಯಾಗದೆ ಒಂದೇ ಮನೆಯಲ್ಲಿ ಜಗಳವಾಡುತ್ತ, ನಗುತ್ತ ವಯಸ್ಸು ಕಳೆದರು. ಹೋದ ವರ್ಷ ತಂಗಿಯ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ನಾಲ್ಕೇ ತಿಂಗಳಲ್ಲಿ ಹಾಸಿಗೆಗೆ ಅಂಟಿಕೊಂಡಳು.

"ಅಕ್ಕಾ, ಫಾದರ್‌ನ ಕರೆಸ್ತೀಯಾ? ಪ್ರಾರ್ಥನೆ ಮಾಡಿಸಿ ಹಣೆಗೆ ಪವಿತ್ರ ಎಣ್ಣೆ ಹಚ್ಚಿಸ್ಕೋಬೇಕು ಅನ್ನಿಸ್ತಿದೆ."

"ಹುಚ್ಚಿ! ನಿನಗೇನಾಗಿದೆ ಈಗ? ಭಾನುವಾರ ನೋಡೋಣ ಬಿಡು."

ಫಾದರ್ ಬಂದು ನಿಂತರೆ ಇವಳು ಎದೆಗುಂದುತ್ತಾಳೆ ಎಂದುಕೊಂಡಿದ್ದರು ಟೀಚರ್. ನಿಜವಾಗಿ ಎದೆಗುಂದಿದ್ದವರು ಅವರೇ. ಶುಕ್ರವಾರ ಮಧ್ಯಾಹ್ನ ಅಡುಗೆಮನೆಯಿಂದ ಹಾಲು ಆರಿಸಿ ತರುವಷ್ಟರಲ್ಲಿ ತಂಗಿ ಹೋಗಿಬಿಟ್ಟಿದ್ದಳು.

ಎರಡು ತಿಂಗಳ ಮೇಲೆ ರೋಗಿಗಳ ಅಭ್ಯಂಗದ, ಎಂದರೆ ಅದೇ ಎಣ್ಣೆ ಹಚ್ಚುವ ಸಂಸ್ಕಾರದ, ಪಾಠ ಬಂತು. ಟೀಚರ್ ಪ್ರತಿವರ್ಷದಂತೆಯೇ ಹೇಳಿದರು: "ಇದು ಸಾಯೋರಿಗೆ ಮಾತ್ರ ಅಲ್ಲ. ಕಾಯಿಲೆ ಬಿದ್ದವರು ಯಾರಾದ್ರೂ ಕೇಳಬಹುದು. ಮುಂದಕ್ಕೆ ಹಾಕಬಾರದು."

ಕಿಟಕಿ ಪಕ್ಕದ ಎರಡು ಜಡೆಯ ಹುಡುಗಿ ಕೈಯೆತ್ತಿದಳು. "ನಿಮ್ಮ ತಂಗಿಗೂ ಕೊಡಿಸಿದ್ರಾ ಟೀಚರ್?"

ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು.

"ಇಲ್ಲಮ್ಮ. ಅವಳು ಕೇಳಿದ್ಲು. ನಾನು ಆಮೇಲೆ ಅಂದೆ."

ಪುಸ್ತಕದ ಅಕ್ಷರಗಳೆಲ್ಲ ಟೀಚರ್ ಕಣ್ಣಿಗೆ ಕಲಸಿಹೋದವು. ಪಾಠದ ಕೊನೆಯ ಪ್ರಾರ್ಥನೆಯಾದ ಪರಲೋಕ ಮಂತ್ರ ಹೇಳಿಸಿ ಮಕ್ಕಳನ್ನು ಬೇಗನೆ ಕಳಿಸಿದರು; ಆ ಪ್ರಾರ್ಥನೆಗೆ ಟೀಚರ್ ತುಟಿ ಮಾತ್ರ ಅಲುಗಾಡಲಿಲ್ಲ.

ಅದೇ ವಾರ ಪಾಪನಿವೇದನೆಗೆ ಹೋದರು. ಫಾದರ್ ಸಮಾಧಾನವಾಗಿ ಕೇಳಿ, "ದೇವರು ಕ್ಷಮಿಸಿದ್ದಾನೆ ಟೀಚರ್, ಇನ್ನು ನಿಮ್ಮನ್ನು ನೀವೇ ಕೊರೆದುಕೊಳ್ಳಬೇಡಿ" ಎಂದರು. ಕ್ಷಮೆ ಸಿಕ್ಕಿತೆಂಬುದರಲ್ಲಿ ಟೀಚರಿಗೆ ಅನುಮಾನವಿರಲಿಲ್ಲ. ಆದರೆ ಕ್ಷಮಿಸಿದೆ ಎನ್ನಬೇಕಾಗಿದ್ದ ಬಾಯಿ ಇನ್ನೊಂದಿತ್ತು.

ತಿಂಗಳ ಮೇಲೆ ಚರ್ಚಿನ ಮೆಟ್ಟಿಲ ಬಳಿ ಎರಡು ಜಡೆಯ ಹುಡುಗಿಯ ತಂದೆ ಅವರನ್ನು ತಡೆದ.

"ಟೀಚರ್, ನಮ್ಮಮ್ಮ ತೀರಿಕೊಂಡ್ರು. ಫಾದರ್‌ನ ಕರೀಲೇಬೇಕು ಅಂತ ನಿಮ್ಮ ಶಿಷ್ಯೆ ಊಟ ಬಿಟ್ಟು ಕೂತಿದ್ಲು. ಎಣ್ಣೆ ಹಚ್ಚಿದ ಮೇಲೆ ಎರಡು ದಿನ ಅಮ್ಮ ನೆಮ್ಮದಿಯಾಗಿದ್ರು."

"ಒಳ್ಳೇದಾಯ್ತಪ್ಪ," ಎಂದರು ಟೀಚರ್. ಮನಸ್ಸಿನಿಂದಲೇ ಅಂದರು. ಆದರೆ ಮನೆ ಸೇರಿ ಚಪ್ಪಲಿಯನ್ನೂ ಬಿಡದೆ, ತಂಗಿಯ ಮಂಚದ ಅಂಚಿನಲ್ಲಿ ಕುಳಿತು ಬಿಕ್ಕಿ ಬಿಕ್ಕಿ ಅತ್ತರು.

ಮುಂದಿನ ವರ್ಷ ಅವರಾಗಿಯೇ ಒಂದನೇ ತರಗತಿ ಕೇಳಿಕೊಂಡರು. ಅಲ್ಲಿ ಪುಟ್ಟ ಕೈಗಳನ್ನು ಹಿಡಿದು ಶಿಲುಬೆಯ ಗುರುತು ಹಾಕಿಸಿದರೆ ಸಾಕು. ಯಾರೂ ಏನೂ ಕೇಳುವುದಿಲ್ಲ.